ಕೊನೇ ಪೆಗ್ ಎಷ್ಟು ಗಂಟೆಗೆ?

(ಜೈಲು ವಾರ್ಡರ್‌ಗಳು, ಠಾಣೆ ಸಿಬ್ಬಂದಿ, ಒಂದಿಷ್ಟು ಜನ ವಕೀಲರು ಕೂತಿದ್ದ ತರಬೇತಿಯಲ್ಲಿ, ದಿನಾ ಕುಡಿಯೋರಿಗೆ ಬಂಧನದಲ್ಲಿ ಕುಡಿತ ಇದ್ದಕ್ಕಿದ್ದ ಹಾಗೆ ನಿಂತಾಗ ಏನಾಗುತ್ತೆ ಅನ್ನೋದರ ಬಗ್ಗೆ ಒಬ್ಬ ಡಾಕ್ಟರ್ ಆಡಿದ ಮಾತು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದ್ದು.)

ಒಬ್ಬ ಕಂಡಕ್ಟರ್ ಕಥೆಯಿಂದ ಶುರು ಮಾಡ್ತೀನಿ. ಊರು ಯಾವುದು ಜೈಲು ಯಾವುದು ಹೇಳಲ್ಲ, ಒಂದೆರಡು ವಿವರಾನೂ ಬದಲಾಯಿಸಿದೀನಿ. ಪಕ್ಕದ ಮನೆಯವರ ಜೊತೆ ಹೊಡೆದಾಟದ ಕೇಸಲ್ಲಿ ಒಳಗೆ ಬಂದಿದ್ದ. ಮೊದಲ ರಾತ್ರಿ ನಿದ್ದೆ ಮಾಡ್ಲಿಲ್ಲ, ಬೆವರ್ತಾ ಕೂತಿದ್ದ, ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ, ಹೊಸಬ್ರು ಯಾರು ತಾನೆ ಮೊದಲ ರಾತ್ರಿ ನಿದ್ದೆ ಮಾಡ್ತಾರೆ. ಎರಡನೇ ರಾತ್ರಿ ಎರಡು ಗಂಟೆ ಸುಮಾರಿಗೆ ಎದ್ದು, ಸಾಲಾಗಿ ಮಲಗಿದ್ದವರ ಮಧ್ಯೆ ನಡೀತಾ, 'ಮುಂದೆ ಹೋಗ್ರೀ, ಒಳಗೆ ಜಾಗ ಇದೆ, ಚಿಲ್ಲರೆ ಕೊಡ್ರೀ ಚಿಲ್ಲರೆ' ಅಂತ ಶುರು ಮಾಡಿದಾನೆ. ಎಡಗೈಯಲ್ಲಿ ಟಿಕೆಟ್ ಕಟ್ಟು ಹಿಡ್ಕೊಂಡಿದೀನಿ ಅನ್ನೋ ಥರ, ಬಲಗೈ ಹೆಬ್ಬೆರಳಿಗೆ ಎಂಜಲು ಹಚ್ಚಿ, ಗಾಳಿಯಲ್ಲಿ ಒಂದೊಂದೇ ಟಿಕೆಟ್ ಹರಿದು ಕೊಡ್ತಾ ಇದಾನೆ. ಬ್ಯಾರಕ್ಕೆಲ್ಲ ನಗು. ಒಬ್ಬ 'ಮೆಜೆಸ್ಟಿಕ್ ಒಂದು' ಅಂತ ಟಿಕೆಟ್ ಕೇಳಿದ್ನಂತೆ. ಡ್ಯೂಟಿಯಲ್ಲಿದ್ದ ವಾರ್ಡರ್ ಏನಂದ್ಕೊಂಡ್ರು ಗೊತ್ತಾ, ಆಸ್ಪತ್ರೆಗೆ ಹೋಗೋಕೆ ನಾಟಕ ಆಡ್ತಿದಾನೆ ಅಂತ. ತಪ್ಪು ಅವರದ್ದಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೆಳಗ್ಗೆ ಬೀಗ ತೆಗೆಯೋ ಹೊತ್ತಿಗೆ ಮೈ ಕೆಂಡ, ಬಟ್ಟೆಯೆಲ್ಲ ಬೆವರಲ್ಲಿ ತೊಯ್ದಿದೆ, ತಾನೆಲ್ಲಿದೀನಿ ಅನ್ನೋದೇ ಗೊತ್ತಿಲ್ಲ. ಐದು ದಿನ ಐಸಿಯುನಲ್ಲಿದ್ದು ಬದುಕಿದ. ಟಿಕೆಟ್ ಹರಿದಿದ್ದು ಅವನಿಗೆ ಇವತ್ತಿಗೂ ನೆನಪಿಲ್ಲ.

ಅವನ ಹೆಂಡ್ತಿ ಆಸ್ಪತ್ರೆಗೆ ಬಂದಾಗ ನಾನು ಕೇಳ್ದೆ, ಎಷ್ಟಮ್ಮಾ ಕುಡೀತಿದ್ರು ಅಂತ. 'ಬೆಳಗ್ಗೆ ಎದ್ದು ಒಂದು ನೈಂಟಿ ಹಾಕ್ದೆ ಇದ್ರೆ ಶರ್ಟ್ ಗುಂಡಿ ಹಾಕ್ಕೊಳೋಕೆ ಆಗ್ತಿರ್ಲಿಲ್ಲ ಸಾರ್, ನಾನೇ ಹಾಕ್ತಿದ್ದೆ' ಅಂದ್ಲು. ಈ ಒಂದು ಮಾತಲ್ಲಿ ಇಡೀ ಡಯಾಗ್ನೋಸಿಸ್ ಇದೆ. ಆಯಮ್ಮ ಠಾಣೆ ಹತ್ರ ಕೂತಿದ್ಲು, ಕೋರ್ಟ್ ಹತ್ರ ಕೂತಿದ್ಲು, ಜೈಲ್ ಗೇಟ್ ಹತ್ರಾನೂ ಬಂದಿದ್ಲು. ಮೂರು ಕಡೆಯಲ್ಲೂ ಒಬ್ರೂ ಅವಳನ್ನ ಕೇಳಿಲ್ಲ.

ಕುಡಿತ ಪಟ್ ಅಂತ ನಿಂತಾಗ ಬರೋ ಈ ನಡುಕ, ಭ್ರಮೆಗೆ ನಾವು ಡಿಲಿರಿಯಂ ಟ್ರೆಮೆನ್ಸ್ ಅಂತೀವಿ, ಡಿಟಿ ಅಂತ ಕರೀತೀವಿ. ಇದರಲ್ಲಿ ಮನುಷ್ಯ ತನ್ನ ಕಸುಬನ್ನೇ ಮಾಡ್ತಾ ಇರೋದು ತುಂಬಾ ಕಾಮನ್. ಟೈಲರ್ ಇಲ್ಲದ ಸೂಜಿಗೆ ಇಲ್ಲದ ದಾರ ಪೋಣಿಸ್ತಾನೆ, ಡ್ರೈವರ್ ಗೇರ್ ಹಾಕ್ತಾನೆ. ಗೋಡೆ ಮೇಲೆ ಇರುವೆ, ಹಾವು ಕಾಣ್ತವೆ. ಊರಲ್ಲಾದ್ರೆ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸ್ತಾರೆ, ಜೈಲಲ್ಲಿ ನಾಟಕ ಅಂತ ಒಂಟಿ ಸೆಲ್ಲಿಗೆ ಹಾಕ್ತಾರೆ. ತಾಯತ ಕಟ್ಟಿಸಿದವರೇ ವಾಸಿ, ಅವರಾದ್ರೂ ಪಕ್ಕದಲ್ಲಿ ಕೂತಿರ್ತಾರೆ.

ಯಾಕೆ ಹಿಂಗಾಗುತ್ತೆ ಅಂದ್ರೆ, ಜಾತ್ರೆಯಲ್ಲಿ ಹಗ್ಗಜಗ್ಗಾಟ ನೋಡಿದೀರಲ್ಲ. ಎಣ್ಣೆ ಮೆದುಳನ್ನ ಒಂದು ಕಡೆ ಎಳೀತಾ ಇರುತ್ತೆ, ಮಂಕು ಮಾಡೋ ಕಡೆಗೆ. ವರ್ಷಗಟ್ಟಲೆ ದಿನಾ ಎಳೆದ್ರೆ ಮೆದುಳು ಸುಮ್ನೆ ಇರಲ್ಲ, ಅದೂ ಆ ಕಡೆಯಿಂದ ಕಾಲೂರಿ ಜಗ್ತಾ ಇರುತ್ತೆ. ಎರಡೂ ಕಡೆ ಸಮ ಇರೋದ್ರಿಂದ ಮೇಲ್ನೋಟಕ್ಕೆ ಮನುಷ್ಯ ಚೆನ್ನಾಗೇ ಕಾಣ್ತಾನೆ, ಬಸ್ಸಲ್ಲಿ ಟಿಕೆಟ್ ಕೊಡ್ತಾನೆ, ಲೆಕ್ಕ ಸರಿಯಾಗಿ ಒಪ್ಪಿಸ್ತಾನೆ. ಒಂದಿನ ಅರೆಸ್ಟು. ಎಣ್ಣೆ ಕಡೆಯವರು ಪಟ್ ಅಂತ ಹಗ್ಗ ಬಿಟ್ರು. ಈ ಕಡೆ ಜಗ್ತಾ ಇದ್ದವರು ಏನಾಗ್ತಾರೆ? ಬೆನ್ನು ಕೆಳಗಾಗಿ ಬೀಳ್ತಾರೆ. ನಡುಕ, ಬೆವರು, ಎದೆ ಬಡಿತ, ಫಿಟ್ಸು, ಭ್ರಮೆ ಎಲ್ಲಾನೂ ಆ ಬೀಳೋದೇ.

ಈಗ ಟೈಮಿಗೆ ಬರ್ತೀನಿ, ಇವತ್ತು ನಾನು ಇಲ್ಲಿಗೆ ಬಂದಿದ್ದೇ ಇದನ್ನ ಹೇಳೋಕೆ. ಕೊನೇ ಸಲ ಕುಡಿದು 6ರಿಂದ 8 ಗಂಟೆ ಆಗ್ತಿದ್ದ ಹಾಗೆ ಕೈ ನಡುಕ, ವಾಂತಿ, ಬೆವರು ಶುರು. ಫಿಟ್ಸ್ ಬರೋದಾದ್ರೆ ಹೆಚ್ಚಾಗಿ 6ರಿಂದ 48 ಗಂಟೆ ಒಳಗೆ. ಡಿಟಿ ಬರೋದು 48 ಗಂಟೆ ದಾಟಿದ ಮೇಲೆ, 96 ಗಂಟೆವರೆಗೂ ಬರಬಹುದು. ಈ ಗಡಿಯಾರ ಶುರುವಾಗೋದು ಜೈಲ್ ಗೇಟಲ್ಲಿ ಅಲ್ಲ, ಕೊನೇ ಗ್ಲಾಸ್ ಕೆಳಗಿಟ್ಟ ನಿಮಿಷದಿಂದ. ಒಬ್ಬನನ್ನ ಸೋಮವಾರ ರಾತ್ರಿ 9 ಗಂಟೆಗೆ ಬಾರ್ ಮುಂದೆ ಹಿಡಿದ್ರು ಅಂತಿಟ್ಕೊಳ್ಳಿ. 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡಬೇಕು, ಮಂಗಳವಾರ ಸಂಜೆ ಮಾಡಿದ್ರು, ಜೆಸಿ, ಅಂದ್ರೆ ನ್ಯಾಯಾಂಗ ಬಂಧನ, ಆಯ್ತು, ಆಸ್ಪತ್ರೆ, ಪೇಪರ್ರು ಅಂತ ಸುತ್ತಾಡಿಸಿ ಜೈಲಿಗೆ ಬರೋ ಹೊತ್ತಿಗೆ ರಾತ್ರಿ ಎಂಟು. ನಿಮ್ಮ ರಿಜಿಸ್ಟರಲ್ಲಿ ಅದು ಮೊದಲ ದಿನ. ಅವನ ಮೆದುಳಿನ ಲೆಕ್ಕದಲ್ಲಿ 23 ಗಂಟೆ ಮುಗಿದಿದೆ. ನಡುಕದ ಹಂತ ಠಾಣೆಯಲ್ಲೇ ಕಳೆದುಹೋಗಿದೆ, ಫಿಟ್ಸ್ ಟೈಮಲ್ಲಿ ನಿಮ್ಮ ಕೈಗೆ ಸಿಗ್ತಿದಾನೆ, ಬುಧವಾರ ರಾತ್ರಿಯಿಂದ ಡಿಟಿ ಟೈಮು. ಬುಧವಾರ ರಾತ್ರಿ ಜೈಲಲ್ಲಿ ಡಾಕ್ಟರ್ ಇರ್ತಾರಾ? ಹ್ಞೂಂ, ನಗಬೇಡಿ.

ಅದಕ್ಕೇ ಹೇಳೋದು, ಕೊನೇ ಪೆಗ್ ಎಷ್ಟು ಗಂಟೆಗೆ ಅನ್ನೋದನ್ನ ಠಾಣೆಯಲ್ಲೇ ಕೇಳಿ, ಬರೆದು, ಆ ಚೀಟಿ ಆ ಮನುಷ್ಯನ ಜೊತೆಗೇ ಹೋಗಬೇಕು. ಅವನ ಚಪ್ಪಲಿ, ಮೊಬೈಲು, ಬೆಲ್ಟು, ಜೇಬಲ್ಲಿದ್ದ 340 ರೂಪಾಯಿ ಎಲ್ಲಾನೂ ಲಿಸ್ಟ್ ಮಾಡಿ ಸೈನ್ ಹಾಕಿಸ್ಕೊಳ್ತೀವಿ, ಇದೊಂದನ್ನ ಬರೆಯಲ್ಲ.

ಕಾನೂನಲ್ಲಿ ಇಲ್ಲ ಅನ್ನೋ ಹಾಗೂ ಇಲ್ಲ. ವಕೀಲರು ಕೂತಿದೀರಿ, ತಪ್ಪಿದ್ರೆ ಹೇಳಿ. ಬಂಧನ ಆದವರನ್ನ ಡಾಕ್ಟರ್ ಪರೀಕ್ಷೆ ಮಾಡಬೇಕು ಅನ್ನೋದು ಹಳೇ ಸಿಆರ್‌ಪಿಸಿ ಬದಲಿಗೆ ಬಂದಿರೋ ಬಿಎನ್‌ಎಸ್‌ಎಸ್ 53ನೇ ಸೆಕ್ಷನ್ನಲ್ಲಿದೆ. ಕಸ್ಟಡಿಯಲ್ಲಿರೋವರೆಗೂ 48 ಗಂಟೆಗೊಂದ್ಸಲ ನೋಡಬೇಕು ಅಂತ ಸುಪ್ರೀಂ ಕೋರ್ಟು 1996ರಲ್ಲಿ ಡಿ.ಕೆ. ಬಸು ಕೇಸಲ್ಲಿ ಹೇಳಿದೆ. ಜೈಲಿಗೆ ಬಂದಮೇಲೆ ಪರೀಕ್ಷೆ ಮಾಡೋದು 1894ರ ಪ್ರಿಸನ್ಸ್ ಆಕ್ಟಿಂದಲೂ ಇದೆ, ಬ್ರಿಟಿಷರ ಕಾಲದ್ದು. ಬಂಧಿಗಳನ್ನ ಹೇಗೆ ನೋಡ್ಕೋಬೇಕು ಅಂತ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳಲ್ಲಿ 30ನೇ ನಿಯಮ ನೋಡಿ, ಒಳಗೆ ಬಂದವರಲ್ಲಿ ಮದ್ಯ, ಡ್ರಗ್ಸ್ ಬಿಟ್ಟಿದ್ದರಿಂದ ಬರೋ ಲಕ್ಷಣ ಇದೆಯಾ ಅಂತ ಹುಡುಕಬೇಕು ಅಂತ ಬಿಡಿಸಿ ಹೇಳಿದಾರೆ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಕುಡಿತ, ಡ್ರಗ್ಸ್‌ನಿಂದ ಬರೋ ಮಾನಸಿಕ ತೊಂದರೆಗಳೂ ಮಾನಸಿಕ ಕಾಯಿಲೆ ಲೆಕ್ಕದಲ್ಲೇ ಬರ್ತವೆ. ಆದ್ರೆ ನಡೆಯೋದೇನು? ರಿಮಾಂಡಿಗೆ ಮುಂಚೆ ಆಸ್ಪತ್ರೆಗೆ ಕರ್ಕೊಂಡು ಬರ್ತೀರಿ, ಕ್ಯೂ ಇರುತ್ತೆ, ಡ್ಯೂಟಿ ಡಾಕ್ಟರ್ ಬಿಪಿ ನೋಡಿ 'ಗಾಯ ಇಲ್ಲ, ಫಿಟ್' ಅಂತ ಬರೀತಾರೆ. ನಮ್ಮ ಕಡೆ ತಪ್ಪು ಅದು, ಒಪ್ಕೊಳ್ತೀನಿ, ನಾನೂ ಚಿಕ್ಕವನಿದ್ದಾಗ ಅಂಥ ಎಷ್ಟು ಫಿಟ್‌ಗಳಿಗೆ ಸೈನ್ ಹಾಕಿದೀನೋ. ಫಿಟ್ ಅಂತ ಬರೆಸ್ಕೊಂಡು ಹೋದವನಿಗೆ ಆ ರಾತ್ರೀನೇ ಫಿಟ್ಸು.

ಎಲ್ಲೋ ಒಬ್ಬರಿಗೆ ಆಗೋ ಸಮಾಚಾರ ಅಲ್ಲ ಇದು. ನಿಮ್ಹಾನ್ಸ್‌ನವರು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ 5,024 ಬಂಧಿಗಳನ್ನ ಕೂರಿಸಿ ಮಾತಾಡಿಸಿ 2011ರಲ್ಲಿ ವರದಿ ಹೊರಗೆ ತಂದ್ರು. ಮಾನಸಿಕ ಕಾಯಿಲೆ ಮತ್ತು ವ್ಯಸನ ಎರಡೂ ಸೇರಿಸಿ ಲೆಕ್ಕ ಹಾಕಿದ್ರೆ ನೂರಕ್ಕೆ ಸುಮಾರು 80 ಜನಕ್ಕೆ ಏನೋ ಒಂದಿತ್ತು, ವ್ಯಸನ ತೆಗೆದುಬಿಟ್ರೆ ಅದು 28ರ ಹತ್ರಕ್ಕೆ ಇಳೀತು. ಮಧ್ಯದ ಅಂತರ ಎಷ್ಟಿದೆ ನೋಡಿ. ನಮ್ಮ ದೇಶದ ಜೈಲುಗಳಲ್ಲಿರೋರಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಮೂರು ಜನ ವಿಚಾರಣಾಧೀನರು, ಅಂದ್ರೆ ಜನ ಬರ್ತಾನೇ ಇರ್ತಾರೆ, ಬೀದಿಯಿಂದ ನೇರ, ಹೊಟ್ಟೆಯಲ್ಲಿ ಎಣ್ಣೆ ಇಟ್ಕೊಂಡೇ.

ಜೈಲಿನ ಹೊರಗೆ ಇದನ್ನ ಇಡೀ ರಾಜ್ಯ ಒಂದ್ಸಲ ನೋಡಿದೆ. 2020ರ ಮಾರ್ಚ್ ಲಾಕ್‌ಡೌನು ನೆನಪಿದೆಯಲ್ಲ. ಬಾರು, ವೈನ್ ಶಾಪು, ಎಂಎಸ್‌ಐಎಲ್ ಎಲ್ಲ ಬಂದ್. ಒಂದು ವಾರದೊಳಗೆ ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸು, ಡಿಟಿ ಕೇಸು ಸಾಲು ಸಾಲು. ಕೇರಳದಲ್ಲಂತೂ ಡಾಕ್ಟರ್ ಚೀಟಿ ತೋರಿಸಿದ್ರೆ ಮದ್ಯ ಕೊಡಿ ಅಂತ ಸರ್ಕಾರನೇ ಆರ್ಡರ್ ಮಾಡ್ತು, ಹೈಕೋರ್ಟ್ ತಡೆ ಕೊಡ್ತು. ಮೇ 4ಕ್ಕೆ ನಮ್ಮಲ್ಲಿ ಅಂಗಡಿ ತೆಗೆದಾಗ ಆ ಕ್ಯೂ ನೋಡಿ ಎಲ್ಲರೂ ನಕ್ಕರು, ಮೀಮ್ ಮಾಡಿದ್ರು. ಆ ಕ್ಯೂನಲ್ಲಿ ನಡುಗೋ ಕೈ ಎಷ್ಟಿದ್ವು ಅಂತ ನೋಡಿದವರು ಕಮ್ಮಿ. ಯಾರೋ ಹಿಂದಿಂದ ಕೇಳ್ತಿದಾರೆ, ಹಾಗಾದ್ರೆ ಒಂದು ನೈಂಟಿ ಕೊಟ್ರೆ ಸರಿಹೋಗಲ್ವಾ ಸರ್ ಅಂತ. ಆ ಕ್ಷಣಕ್ಕೆ ನಡುಕ ನಿಲ್ಲುತ್ತೆ, ನಿಜ. ಹಗ್ಗವನ್ನ ಮತ್ತೆ ಅದೇ ಜನರ ಕೈಗೆ ಕೊಟ್ಟ ಹಾಗೆ ಅದು, ನಾಳೆ ಮತ್ತೆ ಬಿಡಲೇಬೇಕಲ್ಲ. ಅದಕ್ಕಿಂತ ಸೇಫ್ ಔಷಧಿ ಇದೆ, ದುಬಾರೀನೂ ಅಲ್ಲ.

ಕ್ಲೋರ್‌ಡೈಯಾಜೆಪಾಕ್ಸೈಡ್ ಅಂತ, ಲಿಬ್ರಿಯಂ ಅಂದ್ರೆ ನಿಮ್ಮ ಫಾರ್ಮಸಿಸ್ಟಿಗೆ ಗೊತ್ತಿರುತ್ತೆ. ಲಿವರ್ ಹಾಳಾಗಿದ್ರೆ, ಕಣ್ಣು ಹಳದಿ ಇದ್ರೆ ಲೋರಾಜೆಪಾಮ್. ಇದು ಎಣ್ಣೆ ಹಿಡಿದಿದ್ದ ಹಗ್ಗಾನೇ ಹಿಡ್ಕೊಂಡು, ಐದಾರು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲ ಬಿಡುತ್ತೆ. ಎಷ್ಟು ಕೊಡಬೇಕು ಅನ್ನೋದು ಡಾಕ್ಟರ್ ನೋಡಿ ಹೇಳಬೇಕು, ಒಬ್ಬನಿಗೆ ಬರೆದ ಡೋಸ್ ಇನ್ನೊಬ್ಬನಿಗೆ ಕೊಡೋ ಹಾಗಿಲ್ಲ. ಕೊಡೋದು ಮಾತ್ರ ಕಣ್ಣೆದುರಿಗೇ ನುಂಗಿಸಿ, ನೀರು ಕುಡಿಸಿ, ನಾಲಿಗೆ ಎತ್ತಿ ತೋರಿಸು ಅನ್ನಿ. ಇಲ್ಲಾಂದ್ರೆ ಆ ಮಾತ್ರೆ ಸಂಜೆಗೆ ಎರಡು ಬೀಡಿಗೆ ಸೇಲ್ ಆಗಿರುತ್ತೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ಥಯಮಿನ್, ಬಿ1 ವಿಟಮಿನ್ನು. ನಮ್ಮ ಜನಕ್ಕೆ ಸುಸ್ತು ಅಂದ್ರೆ ಬಾಟ್ಲು ಹಾಕಿಸಬೇಕು. ವರ್ಷಗಟ್ಟಲೆ ಊಟ ಬಿಟ್ಟು ಕುಡಿದವನ ಮೈಯಲ್ಲಿ ಥಯಮಿನ್ ಇರೋದೇ ಇಲ್ಲ, ಅವನಿಗೆ ಸುಮ್ನೆ ಗ್ಲೂಕೋಸ್ ಏರಿಸಿದ್ರೆ ಉಳಿದಿದ್ದ ಚೂರೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ಕಣ್ಣು ಸರಿಯಾಗಿ ಆಡಲ್ಲ, ನಡೆದ್ರೆ ವಾಲ್ತಾನೆ, ಗಲಿಬಿಲಿ. ಆಮೇಲೆ ಜನ್ಮಪೂರ್ತಿ ಹೊಸ ವಿಷಯ ನೆನಪಲ್ಲಿ ನಿಲ್ಲದ ಸ್ಥಿತಿಗೆ ಹೋದವರನ್ನ ನೋಡಿದೀನಿ. ಮೊದಲು ಥಯಮಿನ್ ಇಂಜೆಕ್ಷನ್, ಆಮೇಲೆ ಬಾಟ್ಲು. ಸಕ್ಕರೆ ತೀರಾ ಇಳಿದಿದ್ರೆ ಎರಡೂ ಒಟ್ಟೊಟ್ಟಿಗೆ.

ವಾರ್ಡರ್ ಆಗಿ ನೀವೇನು ಮಾಡಬಹುದು ಅಂದ್ರೆ, ತೋರಿಸ್ತೀನಿ ನೋಡಿ. ಅವನಿಗೆ ಎರಡೂ ಕೈ ಮುಂದಕ್ಕೆ ಚಾಚಿ ಬೆರಳು ಅಗಲಿಸು ಅನ್ನಿ. ಅಂಗೈ ಹಿಂಬದಿ ಮೇಲೆ ಒಂದು ಹಾಳೆ ಇಡಿ, ಇದೇ ಥರದ್ದು ಬಿಳಿ ಹಾಳೆ. ಬರಿಗಣ್ಣಿಗೆ ಕಾಣದ ನಡುಕಾನೂ ಹಾಳೆ ಅಂಚಲ್ಲಿ ಕಾಣುತ್ತೆ, ಗಾಳಿಗೆ ಅಲುಗಾಡೋ ಹಾಗೆ ಪಟಪಟ ಅನ್ನುತ್ತೆ. ಆಮೇಲೆ ಮಾತಾಡಿಸಿ: ಇವತ್ತು ಯಾವ ವಾರ, ಇದು ಯಾವ ಜಾಗ, ಮಧ್ಯಾಹ್ನ ಊಟಕ್ಕೆ ಏನಿತ್ತು. ಆಸ್ಪತ್ರೆಯಲ್ಲಿ ನಾವು ಹತ್ತು ಅಂಶದ ಸ್ಕೋರ್ ಹಾಕ್ತೀವಿ, ಸೀವಾ ಅಂತಾರೆ, ನಿಮಗೆ ಅಷ್ಟು ಬೇಡ. ಬೀಗ ಹಾಕೋ ಹೊತ್ತಿಗೆ ಒಂದ್ಸಲ, ರಾತ್ರಿ ಹತ್ತಕ್ಕೆ, ಎರಡಕ್ಕೆ, ಬೆಳಗ್ಗೆ ಆರಕ್ಕೆ. ಸಂಜೆ ಸರಿಯಾಗಿ ಉತ್ತರ ಕೊಟ್ಟವನು ರಾತ್ರಿ ಎರಡಕ್ಕೆ 'ಇದು ನಮ್ಮ ಡಿಪೋ' ಅಂದ್ರೆ ಬೆಳಗ್ಗೆವರೆಗೂ ಕಾಯಬೇಡಿ, ಆಂಬುಲೆನ್ಸ್ ಕರೀರಿ. ಎಸ್ಕಾರ್ಟ್ ಇಲ್ಲ ಅಂತ ನಾಲ್ಕು ಗಂಟೆ ಕಾದು ಕಳಿಸಿದ ಕೇಸಲ್ಲಿ ನಾನು ಪೋಸ್ಟ್ ಮಾರ್ಟಂ ರಿಪೋರ್ಟ್ ಓದಿದೀನಿ, ಅದರ ಬಗ್ಗೆ ಜಾಸ್ತಿ ಹೇಳಲ್ಲ.

ಫಿಟ್ಸ್ ಬಂದ್ರೆ ಕೈಗೆ ಬೀಗದ ಕೈ ಗೊಂಚಲು ಕೊಡೋದು, ಜೈಲಲ್ಲಿ ಅದಕ್ಕೇನೂ ಬರ ಇಲ್ಲ ಬಿಡಿ, ಕೊಟ್ರೆ ಏನೂ ಆಗಲ್ಲ. ಈರುಳ್ಳಿ, ಚಪ್ಪಲಿ ಮೂಸಿಸೋದೂ ಅಷ್ಟೇ. ಒಂದು ಮಗ್ಗಲಿಗೆ ತಿರುಗಿಸಿ ಮಲಗಿಸಿ, ತಲೆ ಕೆಳಗೆ ಟವೆಲ್ಲು, ಬಾಯಿಗೆ ಏನೂ ತುರುಕಬೇಡಿ, ನೀರು ಕುಡಿಸಬೇಡಿ, ವಾಚ್ ನೋಡ್ಕೊಳ್ಳಿ. ಐದು ನಿಮಿಷ ದಾಟಿದ್ರೆ, ಇಲ್ಲಾ ನಿಂತು ಮತ್ತೆ ಬಂದ್ರೆ, ಪ್ರಾಣಕ್ಕೇ ಅಪಾಯ. ಒಂದೇ ಸಲ ಬಂದು ನಿಂತ್ರೂ ಆಸ್ಪತ್ರೆಗೆ ಕಳಿಸಿ, ಯಾಕಂದ್ರೆ ಕುಡಿದು ಬಿದ್ದು ತಲೆ ಒಳಗೆ ರಕ್ತ ಹೆಪ್ಪುಗಟ್ಟಿದವನೂ ಹೀಗೇ ಕಾಣ್ತಾನೆ. ಬಡಬಡಿಸೋನನ್ನ ಬೋರಲು ಮಲಗಿಸಿ ಕೈಕಾಲು ಕಟ್ಟಿ ಮೇಲೆ ಕೂರೋದಂತೂ ಬೇಡವೇ ಬೇಡ, ಉಸಿರು ನಿಂತು ಹೋಗುತ್ತೆ. ಲೈಟ್ ಆರಿಸಬೇಡಿ, ಕತ್ತಲಲ್ಲಿ ಹಾವು ಇರುವೆ ಜಾಸ್ತಿ ಆಗ್ತವೆ. ಪರಿಚಯದ ಒಬ್ಬ ಬಂಧಿಯನ್ನ ಪಕ್ಕ ಕೂರಿಸಿ, ಒಂಟಿ ಮಾಡಬೇಡಿ. ಈ ಮೊದಲ ದಿನಗಳಲ್ಲೇ ನೇಣು ಹಾಕ್ಕೊಳ್ಳೋ ಅಪಾಯಾನೂ ಜಾಸ್ತಿ.

ಹೈದರಾಬಾದ್ ಕರ್ನಾಟಕ, ಸಾರಿ, ಕಲ್ಯಾಣ ಕರ್ನಾಟಕದಿಂದ ಬಂದವರು ಕೈ ಎತ್ತಿ. ರಾಯಚೂರು ಕಡೆ 'ನಾನು ಎಣ್ಣೆ ಮುಟ್ಟಲ್ರೀ, ಬರೇ ಸೇಂದಿ' ಅಂತಾರಲ್ಲ, ಸಿಎಚ್ ಪೌಡರ್ ಸೇಂದಿ. ಅದು ಕ್ಲೋರಲ್ ಹೈಡ್ರೇಟ್, ನಿದ್ದೆ ಔಷಧಿ. ಕೆಲವು ಕಡೆ ಅಲ್ಪ್ರಾಜೋಲಾಂ, ಡೈಯಾಜೆಪಾಮ್ ಪುಡೀನೂ ಬೆರೆಸ್ತಾರೆ. ಕುಡೀತೀಯಾ ಅಂದ್ರೆ ಇಲ್ಲ ಅಂತಾನೆ, ಸುಳ್ಳಲ್ಲ, ಅವನ ಲೆಕ್ಕದಲ್ಲಿ ಸೇಂದಿ ಕುಡಿತ ಅಲ್ಲ. ಬಿಟ್ಟಮೇಲೆ ಫಿಟ್ಸು, ಭ್ರಮೆ ಎಲ್ಲಾನೂ ಎಣ್ಣೆ ಥರಾನೇ ಬರುತ್ತೆ, ಮತ್ತೆ ಈ ನಿದ್ದೆ ಮಾತ್ರೆ ಜಾತಿದು ಕೆಲವ್ರಿಗೆ ವಾರ ಕಳೆದ ಮೇಲೂ ಬರಬಹುದು. ಅದಕ್ಕೆ ಕೇಳುವಾಗ ಹೆಸರು ಹಿಡಿದು ಕೇಳಿ: ಬ್ರಾಂದಿ? ಸೇಂದಿ? ನಿದ್ದೆ ಮಾತ್ರೆ? ನೋವಿನ ಮಾತ್ರೆ? ಗಾಂಜಾ? ಮೂಸೋ ಸಲ್ಯೂಷನ್? ಹೆಂಗಸರ ಬ್ಯಾರಕ್ಕಲ್ಲೂ ಕೇಳಿ. ಅಲ್ಲಿ ಯಾರೂ ಕೇಳಲ್ಲ, ಅವರೂ ಹೇಳಲ್ಲ, ಮೇಟ್ರನ್ ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿದ್ರೆ ಹೇಳ್ತಾರೆ.

ನೋವಿನ ಮಾತ್ರೆ ಅಂದ್ನಲ್ಲ, ಟ್ಯಾಪೆಂಟಡಾಲ್. ಹುಡುಗರು ಪುಡಿ ಮಾಡಿ ನೀರಲ್ಲಿ ಕಲೆಸಿ ಇಂಜೆಕ್ಷನ್ ತಗೊಳ್ತಾರೆ. ಇದು ಅಫೀಮು, ಹೆರಾಯಿನ್ ಜಾತಿಗೇ ಸೇರಿದ್ದು. ಬಿಟ್ಟಾಗ ಕಣ್ಣು ಮೂಗಲ್ಲಿ ನೀರು, ಆಕಳಿಕೆ, ಮೈಯೆಲ್ಲ ರೋಮಾಂಚನ, ಮೂಳೆ ಒಳಗಿಂದ ನೋವು, ವಾಂತಿ, ಭೇದಿ. 'ಇದರಲ್ಲಿ ಸಾಯಲ್ಲ ಬಿಡಿ' ಅನ್ನೋ ಮಾತು ನಮ್ಮ ಡಾಕ್ಟರ್‌ಗಳ ಬಾಯಲ್ಲೂ ಇದೆ. ಅಮೆರಿಕದ ಜೈಲುಗಳಲ್ಲಿ ಹಿಂಗೇ ಅಂದ್ಕೊಂಡು ಬಿಟ್ಟು, ವಾಂತಿ ಭೇದಿಯಲ್ಲಿ ನೀರು ಬತ್ತಿ ಸತ್ತವರಿದಾರೆ. ಅಲ್ಲಿನ ನ್ಯಾಯ ಇಲಾಖೆ 2023ರಲ್ಲಿ ಜೈಲಲ್ಲಿ ವಿತ್‌ಡ್ರಾವಲ್, ಅಂದ್ರೆ ನಶೆ ಬಿಟ್ಟಾಗ ಬರೋ ತೊಂದರೆ, ಹೇಗೆ ನೋಡ್ಕೋಬೇಕು ಅಂತಾನೇ ಒಂದು ಮಾರ್ಗಸೂಚಿ ತಂದಿದೆ. ನಿಮ್ಮ ಮಟ್ಟಿಗೆ ಓಆರ್‌ಎಸ್ ಕುಡಿಸಿ, ಎಷ್ಟು ಸಲ ಉಚ್ಚೆಗೆ ಹೋದ ನೋಡಿ, ಕುಡಿದಿದ್ದು ನಿಲ್ತಾ ಇಲ್ಲ ಅಂದ್ರೆ ಕಳಿಸಿ. ಡಾಕ್ಟರ್ ಬ್ಯುಪ್ರೆನಾರ್ಫಿನ್ ಕೊಡಬಹುದು, ನಾಲಿಗೆ ಕೆಳಗೆ ಇಟ್ಟು ಕರಗಿಸೋ ಮಾತ್ರೆ. ಲಕ್ಷಣ ಚೆನ್ನಾಗಿ ಶುರುವಾದ ಮೇಲೇ ಕೊಡಬೇಕು, ಆತುರಪಟ್ಟು ಮುಂಚೆನೇ ಕೊಟ್ರೆ ಇದ್ದಕ್ಕಿದ್ದ ಹಾಗೆ ಜೋರಾಗುತ್ತೆ. ಇಲ್ಲೂ ನೋಡಿ, ಕೊನೇ ಡೋಸ್ ಯಾವಾಗ ಅನ್ನೋ ಪ್ರಶ್ನೇನೇ. ತಿಹಾರ್‌ನಲ್ಲಿ, ಪಂಜಾಬಿನ ಜೈಲುಗಳಲ್ಲಿ ಇದನ್ನ ಕೊಡೋ ವ್ಯವಸ್ಥೆ ಮಾಡಿದಾರೆ. ಬಸುರಿ ಹೆಂಗಸಾದ್ರೆ ಪೂರ್ತಿ ನಿಲ್ಲಿಸೋ ಸಾಹಸ ಮಾಡಬಾರದು, ಹೊಟ್ಟೆಯಲ್ಲಿರೋ ಮಗುಗೂ ಕಷ್ಟ, ತಕ್ಷಣ ದೊಡ್ಡಾಸ್ಪತ್ರೆಗೆ.

ಗಾಂಜಾ ಬಿಟ್ಟವನು ಕಿರಿಕಿರಿ ಮಾಡ್ತಾನೆ, ನಿದ್ದೆ ಬರಲ್ಲ, ಊಟ ಸೇರಲ್ಲ, ಪ್ರಾಣಕ್ಕೇನಿಲ್ಲ. ಬೀಡಿನೂ ಅಷ್ಟೇ, ಅದರ ಜಗಳ ಬಿಡಿಸೋದು ನಿಮಗೆ ಅಭ್ಯಾಸ.

ಹುಡುಗ ಎರಡು ವಾರಕ್ಕೆ ಸುಧಾರಿಸಿದ, ಮೂರು ತಿಂಗಳಿಗೆ ಬೇಲ್ ಆಯ್ತು, ಅಲ್ಲಿಗೆ ನಮ್ಮ ಕೆಲಸ ಮುಗೀತು ಅಂದ್ಕೊಳ್ತೀವಿ. ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆ ಆದ 30 ಸಾವಿರಕ್ಕೂ ಹೆಚ್ಚು ಜನರ ಮೇಲೆ ಒಂದು ಸ್ಟಡಿ 2007ರಲ್ಲಿ ಬಂತು. ಹೊರಗೆ ಬಂದ ಮೊದಲ ಎರಡು ವಾರದಲ್ಲಿ ಓವರ್‌ಡೋಸ್‌ನಿಂದ ಸಾಯೋ ಸಂಭವ ಹೊರಗಿನ ಜನಕ್ಕಿಂತ 129 ಪಟ್ಟು. ಕಾರಣ ಸಿಂಪಲ್, ಮೈಗೆ ಅಭ್ಯಾಸ ತಪ್ಪಿರುತ್ತೆ, ತಲೆಗೆ ಹಳೇ ಡೋಸೇ ನೆನಪಿರುತ್ತೆ. ಗೇಟಲ್ಲಿ ಬಿಡುವಾಗ 'ಹಳೇ ಅಳತೆ ಮರೆತುಬಿಡಪ್ಪಾ' ಅಂತ ಒಂದು ಮಾತು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ನಂಬರ್ ಬರೆದ ಒಂದು ಚೀಟಿ, ಜೊತೆಗೆ ಕರ್ಕೊಂಡು ಹೋಗೋಕೆ ಬಂದವರಿಗೂ ಅದೇ ಮಾತು.

ಒಂದು ಪ್ರಶ್ನೆ ಬಂದಿದೆ, ಚೀಟಿಯಲ್ಲಿ. 'ಅವನು ಸುಳ್ಳು ಹೇಳಿದ್ರೆ? ಮಾತ್ರೆ ಸಿಗುತ್ತೆ ಅಂತ ಎಲ್ಲರೂ ಕುಡೀತೀನಿ ಅಂದ್ರೆ?' ಅನ್ನಲಿ ಬಿಡಿ. ಹಾಳೆ ಸುಳ್ಳು ಹೇಳಲ್ಲ, ನಾಡಿ ಸುಳ್ಳು ಹೇಳಲ್ಲ, ಒದ್ದೆ ಬನೀನು ಸುಳ್ಳು ಹೇಳಲ್ಲ. ಹತ್ತು ಜನ ನಾಟಕ ಆಡಿದ್ರೆ ಹತ್ತು ಸಲ ನಿಮ್ಮ ಟೈಮ್ ವೇಸ್ಟ್, ಅಷ್ಟೇ ತಾನೆ.

ಆ ಕಂಡಕ್ಟರ್ ಇದ್ದ ಜೈಲಿಗೆ ಆಮೇಲೊಂದ್ಸಲ ಹೋಗಿದ್ದೆ. ಅಡ್ಮಿಷನ್ ರಿಜಿಸ್ಟರಲ್ಲಿ 'ಗುರುತಿನ ಚಿಹ್ನೆ' ಕಾಲಂ ಪಕ್ಕ ಸ್ಕೇಲ್ ಇಟ್ಟು ನೀಲಿ ಪೆನ್ನಲ್ಲಿ ಒಂದು ಗೆರೆ ಎಳೆದಿದ್ರು, ಅವತ್ತು ರಾತ್ರಿ ಡ್ಯೂಟಿಯಲ್ಲಿದ್ದ ವಾರ್ಡರೇ. ಮೇಲೆ ಹೆಡ್ಡಿಂಗ್ ಏನೂ ಬರೆದಿಲ್ಲ, ಮೇಲಿನವರು ಕೇಳಿದ್ರೆ ಅಂತ ಹೆದರಿಕೆ ಇರಬೇಕು. ಕೆಳಗೆ ಒಂದೊಂದು ಹೆಸರಿನ ಮುಂದೆ: 'ನಿನ್ನೆ ರಾ. 9.30, ಕ್ವಾಟ್ರು 2.' 'ಬೆ. 6, ನೈಂಟಿ.' 'ಇಲ್ಲ ಅಂತಾನೆ, ಕೈ ನಡುಗ್ತಿದೆ.'